ಡಿಗ್ರಿ ಮುಗಿಸಿ ಮನೆಯಲ್ಲಿದ್ದಾನಾ? ಬೈಯುವ ಮೊದಲು ಇದನ್ನು ಓದಿ

'ಮಗ ಏನ್ ಮಾಡ್ಕೊಂಡಿದಾನೆ?'

ಮದುವೆ ಮನೆಯಲ್ಲೋ, ಕೆ.ಆರ್. ಪುರದ ಸಂತೆಯಲ್ಲಿ ಸೊಪ್ಪು ಆರಿಸುವಾಗಲೋ ಯಾರಾದರೂ ಹೀಗೆ ಕೇಳಿದರೆ ನಿಮ್ಮ ಮುಖ ಸಣ್ಣದಾಗುತ್ತದಾ? 'ಟ್ರೈ ಮಾಡ್ತಿದಾನೆ ಕಣ್ರೀ' ಎಂದು ಮಾತು ತಿರುಗಿಸುತ್ತೀರಾ? ಆ ಸಿಟ್ಟನ್ನೆಲ್ಲ ಮನೆಗೆ ಬಂದು ಮಗನ ಮೇಲೆ ತೀರಿಸಿಕೊಳ್ಳುತ್ತೀರಾ? ಹಾಗಿದ್ದರೆ ನೀವೂ ನನ್ನ ಹಾಗೇ!

ನನಗಿನ್ನೂ ಡಿಗ್ರಿ ಓದುವಷ್ಟು ದೊಡ್ಡ ಮಕ್ಕಳಿಲ್ಲ. ಆದರೆ ಒಬ್ಬ ತಮ್ಮನಿದ್ದಾನೆ. ಬಂಗಾರಪೇಟೆ ಕಡೆಯ ಊರಿನಿಂದ ಬಿ.ಕಾಂ. ಮುಗಿಸಿ, ಕೆಲಸ ಹುಡುಕಲು ಕೃಷ್ಣರಾಜಪುರದ ನಮ್ಮ ಮನೆಗೆ ಬಂದ. ಮೂರು ತಿಂಗಳು ಎಂದದ್ದು ಒಂದು ವರ್ಷವಾಯಿತು. ಬೆಳಿಗ್ಗೆ ತಡವಾಗಿ ಎದ್ದರೆ 'ಎದ್ರಾ ಸಾಹೇಬ್ರು?' ಅನ್ನುತ್ತಿದ್ದೆ. ನೆಂಟರ ಮುಂದೆಯೂ ಅಂದಿದ್ದೆ. ಅವನು ನಗುತ್ತಿದ್ದ. ನೋವಾಗಿಲ್ಲ ಅಂದುಕೊಂಡಿದ್ದೆ.

ಒಂದು ದಿನ 'ಕೆಲಸ ಗ್ಯಾರಂಟಿ' ಎಂಬ ಬೋರ್ಡಿನ ಒಂದು ಸಂಸ್ಥೆಗೆ ಸೇರಿದ. ಚೀಟಿ ದುಡ್ಡಿನಲ್ಲಿ ಹದಿನೈದು ಸಾವಿರ ನಾನೇ ಕೊಟ್ಟೆ. ದಿನಾ ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದ. ಒಂದು ತಿಂಗಳಾದ ಮೇಲೆ ಪಕ್ಕದ ಬೀದಿಯ ಆಂಟಿ ಹೇಳಿದರು, 'ನಿಮ್ಮ ತಮ್ಮ ದಿನಾ ರೈಲ್ವೆ ಸ್ಟೇಷನ್ ಬೆಂಚಿನ ಮೇಲೆ ಕೂತಿರ್ತಾನಲ್ಲ, ಯಾಕೆ?' ಆ ಸಂಸ್ಥೆ ಎರಡೇ ವಾರಕ್ಕೆ ಬೀಗ ಹಾಕಿತ್ತಂತೆ. ಹೇಳಲು ಹೆದರಿ, ಪ್ಲಾಟ್‌ಫಾರಂನಲ್ಲೇ ಊಟ ಮಾಡಿ ಸಂಜೆ ಮನೆಗೆ ಬರುತ್ತಿದ್ದ. ದುಡ್ಡು ಹೋದದ್ದಕ್ಕಿಂತ ನನ್ನ ನಾಲಿಗೆಗೇ ಹೆಚ್ಚು ಹೆದರಿದ್ದ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಗಿನ ಕಾಲ ಬೇರೆ

'ನಮ್ಮ ಕಾಲದಲ್ಲಿ ಎಸ್ಸೆಸ್ಸೆಲ್ಸಿಗೇ ಕೆಲಸ ಸಿಗ್ತಿತ್ತು' ಅನ್ನುವ ಹಿರಿಯರು ನಮ್ಮ ಕಡೆ ಬಹಳ. ನಿಜವೇ. ದೂರವಾಣಿನಗರದಲ್ಲಿ 1948ರಲ್ಲಿ ಐ.ಟಿ.ಐ. ಕಾರ್ಖಾನೆ ಶುರುವಾಯಿತು. ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಇತ್ತು. ಅಪ್ರೆಂಟಿಸ್ ಆಗಿ ಒಳಗೆ ಹೋದ ಹುಡುಗನಿಗೆ ಕಾರ್ಖಾನೆಯೇ ಕೆಲಸ ಕಲಿಸುತ್ತಿತ್ತು. ಎನ್‌ಜಿಇಎಫ್ 2002ರಲ್ಲಿ ಮುಚ್ಚಿತು. ಈಗ ಕೆಲಸ ಇರುವುದು ವೈಟ್‌ಫೀಲ್ಡ್, ಔಟರ್ ರಿಂಗ್ ರೋಡಿನ ಕಚೇರಿಗಳಲ್ಲಿ, ಗೋದಾಮುಗಳಲ್ಲಿ, ಮಾಲ್‌ಗಳಲ್ಲಿ. ಅಲ್ಲಿ ಹೆಚ್ಚಿನವರು ಕೇಳುವುದು ಮೊದಲ ದಿನವೇ ಕೆಲಸ ಬರುವ ಹುಡುಗರನ್ನು. ಡಿಗ್ರಿ ಕಾಲೇಜು ಅದನ್ನು ಕಲಿಸುವುದಿಲ್ಲ. ನಡುವಿನ ಈ ಹಳ್ಳ ದಾಟಿಸಲು ಇರುವ ಸೇತುವೆಯೇ ಉದ್ಯೋಗ ಸಿದ್ಧತಾ ತರಬೇತಿ.

ಅಲ್ಲಿ ಏನು ಕಲಿಸುತ್ತಾರೆ?

ಆಮೇಲೆ ತಮ್ಮ ಒಂದು ಉಚಿತ ತರಬೇತಿಗೆ ಸೇರಿದ. ಮೊದಲ ವಾರ ಪಾಠವೇ ಇಲ್ಲ! ನಾಲ್ಕು ಜನರ ಮುಂದೆ ನಿಂತು ಹೆಸರು ಹೇಳುವುದು, ಫೋನಿನಲ್ಲಿ ಮಾತಾಡುವುದು, ಒಂಬತ್ತು ಗಂಟೆ ಎಂದರೆ ಎಂಟು ಐವತ್ತಕ್ಕೆ ಅಲ್ಲಿರುವುದು. 'ಇದಕ್ಕೂ ಟ್ರೈನಿಂಗಾ?' ಎಂದು ನಕ್ಕೆ. ಆಮೇಲೆ ಬಯೋಡೇಟಾ ಬರೆಯುವುದು, ಇ-ಮೇಲ್ ಕಳಿಸುವುದು, ಎಕ್ಸೆಲ್, ಟ್ಯಾಲಿ, ಜಿ.ಎಸ್.ಟಿ. ಲೆಕ್ಕ, ಅಣಕು ಸಂದರ್ಶನ ಎಲ್ಲ ಬಂತು. ಆದರೆ ಹುಡುಗನನ್ನು ಬದಲಿಸಿದ್ದು ಆ ಮೊದಲ ವಾರವೇ. ಒಂದು ವರ್ಷ ಮನೆಯಲ್ಲಿ ಕೂತವನಿಗೆ ಮೊದಲು ಬೇಕಿದ್ದದ್ದು ಬೆಳಿಗ್ಗೆ ಏಳಲು ಒಂದು ಕಾರಣ, 'ನೀನೂ ಮಾಡಬಲ್ಲೆ' ಅನ್ನುವ ಒಂದು ದನಿ.

ಎಲ್ಲಿ ವಿಚಾರಿಸಬೇಕು?

* ರಾಜ್ಯ ಕೌಶಲಾಭಿವೃದ್ಧಿ ಇಲಾಖೆ: ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆ 2017ರಲ್ಲಿ ಶುರುವಾಯಿತು. ಕೌಶಲ್‌ಕರ್ ಜಾಲತಾಣದಲ್ಲಿ ಹೆಸರು ನೋಂದಾಯಿಸಬಹುದು.

* ಯುವನಿಧಿ: 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ಪಾವತಿ ಆರಂಭವಾಯಿತು. ಪಾಸಾಗಿ 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಯಾವ ವರ್ಷ ಪಾಸಾದವರಿಗೆ ಅನ್ವಯಿಸುತ್ತದೆ ಎಂಬುದನ್ನು ಸೇವಾಸಿಂಧುವಿನಲ್ಲಿ ನೋಡಿಕೊಳ್ಳಿ. ಈ ದುಡ್ಡು ಮೊಬೈಲ್ ಕರೆನ್ಸಿಗೆ ಹೋಗದೆ ತರಬೇತಿಯ ಓಡಾಟಕ್ಕೆ, ಊಟಕ್ಕೆ ಆಗಲಿ.

* ಅಪ್ರೆಂಟಿಸ್: 1961ರ ಕಾಯ್ದೆ ಇನ್ನೂ ಇದೆ. ಪದವೀಧರರೂ ಕಂಪನಿಯಲ್ಲಿ ಅಪ್ರೆಂಟಿಸ್ ಆಗಿ ಕೆಲಸ ಕಲಿತು ಸ್ಟೈಪೆಂಡ್ ಪಡೆಯಬಹುದು. ಅದನ್ನು ಪಡೆಯುವವರಿಗೆ ಯುವನಿಧಿ ಸಿಗುವುದಿಲ್ಲ, ನೆನಪಿರಲಿ.

* ರುಡ್‌ಸೆಟ್: ಕೆಲಸಕ್ಕೆ ಸೇರುವುದಕ್ಕಿಂತ ಸ್ವಂತ ಉದ್ಯೋಗದ ಆಸೆ ಇದ್ದರೆ ಇದು. 1982ರಲ್ಲಿ ಉಜಿರೆಯಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಬ್ಯಾಂಕುಗಳ ಜತೆ ಸೇರಿ ಆರಂಭಿಸಿದ್ದು. ಬೆಂಗಳೂರಿಗೆ ಹತ್ತಿರವೆಂದರೆ ನೆಲಮಂಗಲದ ಬಳಿಯ ಅರಿಶಿನಕುಂಟೆಯಲ್ಲಿದೆ. ಊಟ, ವಸತಿ ಸಹಿತ ಉಚಿತ. ಊರಿನ ಕಡೆಯ ನೆಂಟರ ಮಕ್ಕಳಿಗೂ ತಿಳಿಸಿ.

* ನಮ್ಮ ಕಡೆಯವರಿಗೆ: ಸದಾನಂದನಗರದಲ್ಲಿ ಉನ್ನತಿ ಎಂಬ ಸ್ವಯಂಸೇವಾ ಸಂಸ್ಥೆ ಬಡ ಕುಟುಂಬದ ಯುವಕ ಯುವತಿಯರಿಗೆ ತರಬೇತಿ ಕೊಡುತ್ತಾ ಬಂದಿದೆ. ಹೋಗಿ ವಿಚಾರಿಸಿ.

ದುಡ್ಡು ಕೊಡುವ ಮುಂಚೆ

ನನ್ನ ಹದಿನೈದು ಸಾವಿರ ಕಲಿಸಿದ ಪಾಠ ನಿಮಗೆ ಬಿಟ್ಟಿಯಾಗಿ ಹೇಳುತ್ತೇನೆ!

* 'ಗ್ಯಾರಂಟಿ ಕೆಲಸ' ಅಂದರೆ ಮೊದಲು ಅನುಮಾನಪಡಿ. ಒಳ್ಳೆಯ ಸಂಸ್ಥೆ 'ಸಂದರ್ಶನಕ್ಕೆ ಕಳಿಸ್ತೀವಿ' ಅನ್ನುತ್ತದೆಯೇ ಹೊರತು ಕೆಲಸ ಮಾರುವುದಿಲ್ಲ.
* ಕಳೆದ ಬ್ಯಾಚಿನ ಇಬ್ಬರು ಹುಡುಗರ ಜತೆ ಮಾತಾಡಿಸಿ ಎಂದು ಕೇಳಿ. ಎಲ್ಲಿ ಸೇರಿದರು, ಆರು ತಿಂಗಳಾದ ಮೇಲೂ ಅಲ್ಲೇ ಇದ್ದಾರಾ? ಎಂದು ವಿಚಾರಿಸಿ.
* ಕೊನೆಗೆ ಕೊಡುವ ಸರ್ಟಿಫಿಕೇಟ್ ಯಾರದ್ದು, ಸರ್ಕಾರದ ಮಾನ್ಯತೆ ಇದೆಯಾ ನೋಡಿ.
* ಮೂಲ ಅಂಕಪಟ್ಟಿ ಕೇಳಿದರೆ ಕೊಡಬೇಡಿ, ಜೆರಾಕ್ಸ್ ಸಾಕು. ರಸೀದಿಯಿಲ್ಲದೆ ಒಂದು ರೂಪಾಯಿಯೂ ಬೇಡ.
* ಒಂದು ದಿನ ತರಗತಿಯಲ್ಲಿ ಕೂತು ನೋಡಲು ಬಿಡುತ್ತಾರಾ? ಬಿಡದಿದ್ದರೆ ವಾಪಸ್ ಬನ್ನಿ.

ಮಗಳನ್ನು ಮರೆಯಬೇಡಿ

ಮಗ ಮನೆಯಲ್ಲಿದ್ದರೆ ಚಿಂತೆ. ಮಗಳು ಮನೆಯಲ್ಲಿದ್ದರೆ 'ಗಂಡು ನೋಡ್ತಿದೀವಿ' ಅಂತೀವಿ. ಹೌದು ತಾನೇ? ತರಬೇತಿ ಅವಳಿಗೂ ಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ದುಡ್ಡಿಲ್ಲ. ಅದೇ ವರ್ಷದ ಅಕ್ಟೋಬರಿನಿಂದ ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿದರೆ ವೈಟ್‌ಫೀಲ್ಡಿಗೂ ಸರಿ, ಮೆಜೆಸ್ಟಿಕ್‌ಗೂ ಸರಿ, ರೈಲು ಬದಲಿಸದೆ ಹೋಗಬಹುದು. 'ದೂರ ಆಗುತ್ತೆ' ಎಂಬ ನೆಪ ಈಗ ನಡೆಯದು.

ಮನೆಯಲ್ಲಿ ನಾವೇನು ಮಾಡಬಹುದು?

ಬೆಳಿಗ್ಗೆ ಏಳುವ ಹೊತ್ತು ಬದಲಾಗದಂತೆ ನೋಡಿಕೊಳ್ಳಿ, ಆದರೆ ಚುಚ್ಚುಮಾತಿನಿಂದ ಎಬ್ಬಿಸಬೇಡಿ. ಬ್ಯಾಂಕು, ಕರೆಂಟ್ ಬಿಲ್, ಗ್ಯಾಸ್ ಕಚೇರಿಯ ಕೆಲಸ ಅವರಿಗೇ ವಹಿಸಿ. ಅಪರಿಚಿತರ ಜತೆ ಮಾತಾಡುವ ಅಭ್ಯಾಸ ಅಲ್ಲೇ ಆಗುತ್ತದೆ. ಸಂದರ್ಶನದಿಂದ ಬಂದ ಕೂಡಲೇ 'ಏನಾಯ್ತು?' ಎಂದು ಬಾಗಿಲಲ್ಲೇ ನಿಲ್ಲಿಸಬೇಡಿ. ಮೊದಲು ಊಟಕ್ಕೆ ಕರೆಯಿರಿ, ಮಾತು ತಾನೇ ಬರುತ್ತದೆ. ಪಕ್ಕದ ಮನೆಯ ಇಂಜಿನಿಯರ್ ಮಗನ ಕಥೆಯಂತೂ ಬೇಡವೇ ಬೇಡ. ಎರಡು ವಾರಕ್ಕಿಂತ ಹೆಚ್ಚು ದಿನ ರೂಮು ಬಿಟ್ಟು ಬರುತ್ತಿಲ್ಲ, ಊಟ ನಿದ್ದೆ ಕೆಟ್ಟಿದೆ ಎಂದರೆ ಸೋಮಾರಿತನ ಎನ್ನದೆ ವೈದ್ಯರಿಗೆ ತೋರಿಸಿ.

ತರಬೇತಿ ಮುಗಿದ ಮೇಲೂ ನನ್ನ ತಮ್ಮ ಎರಡು ಸಂದರ್ಶನದಲ್ಲಿ ಫೇಲಾದ. ಮೂರನೆಯದರಲ್ಲಿ ಹೊಸಕೋಟೆ ಕಡೆಯ ಒಂದು ಗೋದಾಮಿನ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಸಿಕ್ಕಿತು. ದೊಡ್ಡ ಸಂಬಳವೇನಲ್ಲ. ತರಬೇತಿ ಎಂಬುದು ಮಂತ್ರದಂಡವೂ ಅಲ್ಲ, ಬಾಗಿಲ ತನಕ ಕರೆದುಕೊಂಡು ಹೋಗುತ್ತದೆ ಅಷ್ಟೇ. ತಟ್ಟಬೇಕಾದವರು ಅವರೇ.

ಈಗಲೂ ದಿನಾ ಡಬ್ಬಿ ಕಟ್ಟುತ್ತೇನೆ. ಸಂಜೆ ಖಾಲಿ ಡಬ್ಬಿ ತೊಳೆಯುವಾಗ ಆ ಸ್ಟೇಷನ್ ಬೆಂಚು ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಅಂಥ ಬೆಂಚಿನ ಮೇಲೆ ಕೂರುವುದು ಬೇಡ. ಇವತ್ತು ಸಂಜೆ ಕಾಫಿ ಕೊಡುತ್ತಾ 'ನಾಳೆ ನಾನೂ ಜತೆಗೆ ಬರ್ತೀನಿ, ಒಂದು ಕಡೆ ವಿಚಾರಿಸೋಣ' ಅಂದು ನೋಡಿ. ಏನಂತೀರಿ?