ಮೋಟಾರು ಸೈಕಲ್ಲಿನ ಸದ್ದೂ ಶಾಸನವೂ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೋಟಾರು ಸೈಕಲ್ಲಿಗೆ ‘ಫಟಫಟಿ’ ಎಂಬ ಹೆಸರುಂಟು. ಕಿವಿಗೆ ಬಿದ್ದ ಧ್ವನಿಯನ್ನೇ ಹಿಡಿದು ಕಟ್ಟಿದ ಇಂಥ ಪದಗಳನ್ನು ವೈಯಾಕರಣರು ಅನುಕರಣ ಪದಗಳೆಂದು ಕರೆಯುತ್ತಾರೆ. ಎತ್ತಿನ ಗಾಡಿಗಾಗಲಿ ಬೈಸಿಕಲ್ಲಿಗಾಗಲಿ ಅದರ ಸದ್ದಿನಿಂದ ಹೆಸರು ಬರಲಿಲ್ಲ. ಈ ವಾಹನಕ್ಕೆ ಮಾತ್ರ ಬಂದಿತು. ಅದು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿತ್ತೆಂಬುದಕ್ಕೆ ಆ ಹೆಸರೇ ಸಾಕ್ಷಿ. ಊರಿಗೆ ಒಂದೋ ಎರಡೋ ಫಟಫಟಿಗಳಿದ್ದ ಕಾಲದಲ್ಲಿ ಆ ಸದ್ದು ಒಂದು ಸೋಜಿಗವಾಗಿತ್ತು. ಮನೆಗೊಂದರಂತೆ ಬಂದ ಮೇಲೆ ಅದು ಎಲ್ಲರೂ ಹಂಚಿಕೊಳ್ಳಬೇಕಾದ ಹೊರೆಯಾಯಿತು. ಈ ಹೊರೆಗೆ ಮಿತಿ ಯಾವುದು, ಅದನ್ನು ಗೊತ್ತುಮಾಡುವವರು ಯಾರು, ಮೀರಿದವನನ್ನು ಕೇಳುವವರು ಯಾರು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮೊದಲು ಸದ್ದಿನ ಹುಟ್ಟನ್ನು ನೋಡಬೇಕು. ಹದಿಮೂರನೆಯ ಶತಮಾನದ ನಮ್ಮ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಮನುಷ್ಯನ ಶಬ್ದವು ನಾಭಿಮೂಲದಲ್ಲಿ ಗಾಳಿಯ ಅನುಕೂಲದಿಂದ ಕಹಳೆಯ ರೀತಿಯಲ್ಲಿ ಹುಟ್ಟುತ್ತದೆಂದು ಹೇಳಿದ್ದಾನೆ. ಎಂಜಿನ್ನಿನ ಸದ್ದು ಹುಟ್ಟುವ ಬಗೆಯೂ ಇದಕ್ಕೆ ತೀರ ದೂರವಲ್ಲ. ಉರುಳೆಯೊಳಗೆ ಪೆಟ್ರೋಲಿನ ಆವಿ ಉರಿದಾಗ ಬಿಸಿ ಅನಿಲವು ಬಹು ಒತ್ತಡದಿಂದ ಹೊರಕ್ಕೆ ನುಗ್ಗುತ್ತದೆ. ನಾಲ್ಕು ಹೊಡೆತದ, ಒಂದೇ ಉರುಳೆಯ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಎರಡು ಸುತ್ತಿಗೊಮ್ಮೆ ಉರಿಯಾಗುವುದರಿಂದ ಸೆಕೆಂಡಿಗೆ 25 ಬಾರಿ ಹೀಗೆ ಅನಿಲದ ಗುದ್ದು ಬೀಳುತ್ತದೆ. ಕೊಳವೆಯ ಬಾಯಿ ತೆರೆದೇ ಇದ್ದರೆ ಒಂದೊಂದು ಗುದ್ದೂ ಒಂದು ಸಣ್ಣ ಸಿಡಿತವೇ ಸರಿ.

ಈ ಗುದ್ದನ್ನು ಪಳಗಿಸಲು ಇರುವ ಸಾಧನವೇ ಸೈಲೆನ್ಸರು. ಅದು ಹೊರಗಿನಿಂದ ಬರಿಯ ಕೊಳವೆಯಂತೆ ಕಂಡರೂ ಒಳಗೆ ಅಗಲವಾದ ಕೋಣೆಗಳೂ ರಂಧ್ರಗಳಿರುವ ನಳಿಗೆಗಳೂ ತಡೆತಟ್ಟೆಗಳೂ ಇರುತ್ತವೆ. ಕೆಲವು ಬಗೆಯವುಗಳಲ್ಲಿ ಸದ್ದನ್ನು ಹೀರುವ ಗಾಜಿನ ನಾರನ್ನು ತುಂಬಿರುತ್ತಾರೆ. ಇಕ್ಕಟ್ಟಿನ ಕೊಳವೆಯಿಂದ ಅಗಲವಾದ ಕೋಣೆಗೆ ಬಂದ ಅನಿಲವು ಹರಡಿಕೊಂಡು ತನ್ನ ರಭಸವನ್ನು ಕಳೆದುಕೊಳ್ಳುತ್ತದೆ. ತಟ್ಟೆಗಳಿಗೆ ತಾಗಿ ಹಿಂದಿರುಗಿದ ಅಲೆಯು ಮುಂದೆ ಬರುವ ಅಲೆಯೊಡನೆ ಸೇರಿ ಒಂದರ ಬಲವನ್ನು ಇನ್ನೊಂದು ಮುರಿಯುತ್ತದೆ. ಹೊರಕ್ಕೆ ಬರುವ ಹೊತ್ತಿಗೆ ಗುದ್ದು ಗುನುಗಾಗಿರುತ್ತದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 120ನೆಯ ನಿಯಮವು ಪ್ರತಿಯೊಂದು ಮೋಟಾರು ವಾಹನಕ್ಕೂ ಇಂಥದೊಂದು ಸಾಧನ ಇರಲೇಬೇಕೆಂದು ವಿಧಿಸುತ್ತದೆ. ಹೊರಬೀಳುವ ಅನಿಲದ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವುದು ಅದರ ಧರ್ಮ. ಹಾಗಾದರೆ ಎಷ್ಟಕ್ಕೆ ತಗ್ಗಬೇಕು?

ಇಲ್ಲಿ ಡೆಸಿಬೆಲ್ ಎಂಬ ಮಾನವನ್ನು ಅರಿಯಬೇಕು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ಹೆಸರಿನಿಂದ ಬಂದ ಈ ಮಾನವು ಮೊಳದಂತೆ, ಸೇರಿನಂತೆ ಎಣಿಕೆಯಾಗುವುದಲ್ಲ. ಮೂರು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. ಹತ್ತು ಏರಿದರೆ ಹತ್ತು ಪಟ್ಟು, ಇಪ್ಪತ್ತು ಏರಿದರೆ ನೂರು ಪಟ್ಟು. ನಮ್ಮ ಕಿವಿ ಉದಾರ ಸ್ವಭಾವದ್ದಾದ್ದರಿಂದ ಹತ್ತು ಡೆಸಿಬೆಲ್ ಏರಿಕೆಯನ್ನು ಸುಮಾರಾಗಿ ಎರಡರಷ್ಟು ಸದ್ದೆಂದು ಎಣಿಸುತ್ತದೆ. ‘ಏನು ಮಹಾ, ಹತ್ತೇ ಹೆಚ್ಚು’ ಎನ್ನುವವರು ಈ ಲೆಕ್ಕವನ್ನು ನೆನಪಿಡಬೇಕು.

ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ 2003ರಿಂದ ನಮ್ಮ ದೇಶದಲ್ಲಿ ತಯಾರಾಗುವ ಇಬ್ಬಂಡಿ ವಾಹನಗಳಿಗೆ ಗೊತ್ತುಮಾಡಿದ ಮಿತಿ ಹೀಗಿದೆ: ಎಂಜಿನ್ನಿನ ಗಾತ್ರ 80 ಸಿ.ಸಿ.ವರೆಗೆ ಇದ್ದರೆ 75 ಡೆಸಿಬೆಲ್. 80ರಿಂದ 175 ಸಿ.ಸಿ.ವರೆಗೆ 77, ಅದಕ್ಕೂ ಮೇಲೆ 80. ಇದನ್ನು ಕಾರ್ಖಾನೆಯ ಹಂತದಲ್ಲಿ ಪರೀಕ್ಷಿಸುತ್ತಾರೆ. ವಾಹನವು ಓಡುವ ಪಥದ ನಡುಗೆರೆಯಿಂದ ಏಳೂವರೆ ಮೀಟರು ದೂರದಲ್ಲಿ ಮೈಕ್ರೊಫೋನನ್ನು ನಿಲ್ಲಿಸಿ, ವಾಹನವು ವೇಗವನ್ನು ಹೆಚ್ಚಿಸುತ್ತ ಹಾದುಹೋಗುವಾಗ ಅಳೆಯುವುದು ಪದ್ಧತಿ. ಅಂದರೆ ಅಂಗಡಿಯಿಂದ ಹೊಸದಾಗಿ ಬಂದ ಮೋಟಾರು ಸೈಕಲ್ಲು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂದದ್ದೇ. ಬೀದಿಯಲ್ಲಿ ಅದು ಅಬ್ಬರಿಸುತ್ತಿದ್ದರೆ ಸೈಲೆನ್ಸರು ತುಕ್ಕು ಹಿಡಿದು ತೂತಾಗಿರಬೇಕು, ಇಲ್ಲವೆ ಯಾರೋ ಬೇಕೆಂದೇ ಅದರ ಒಳಗಿನ ತಟ್ಟೆಗಳನ್ನು ಕಿತ್ತಿರಬೇಕು ಅಥವಾ ಇಡೀ ಸೈಲೆನ್ಸರನ್ನೇ ಬದಲಾಯಿಸಿರಬೇಕು.

175 ಸಿ.ಸಿ.ಯೊಳಗಿನ ಗಾಡಿಯೊಂದು ಹೀಗೆ ಬದಲಾಗಿ 77ರ ಬದಲು 87 ಡೆಸಿಬೆಲ್ ಸದ್ದು ಮಾಡಿತೆಂದು ಇಟ್ಟುಕೊಳ್ಳಿ. ಆ ಒಬ್ಬ ಸವಾರನು ಕಾಯಿದೆಗೆ ಒಳಪಟ್ಟ ಹತ್ತು ಸವಾರರ ಸದ್ದನ್ನು ಒಬ್ಬನೇ ಮಾಡಿದಂತಾಯಿತು. ಹಂಚಿ ಉಣ್ಣಬೇಕಾದ ಪಂಕ್ತಿಯಲ್ಲಿ ಹತ್ತೆಲೆಯನ್ನು ಒಬ್ಬನೇ ಎಳೆದುಕೊಂಡ ಹಾಗೆ.

ಇನ್ನು ಸ್ಥಳಕ್ಕೆ ಸಂಬಂಧಪಟ್ಟ ಮಿತಿಗಳಿವೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ವ್ಯಾಪಾರದ ಕೇರಿಗಳಲ್ಲಿ 65 ಮತ್ತು 55. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಘೋಷಿತವಾದ ಶಾಂತ ವಲಯಗಳಲ್ಲಿ 50 ಮತ್ತು 40. ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಈ ಅಂಕಿಗಳು ಒಂದು ಕ್ಷಣದ ಸದ್ದಿಗೆ ಸಂಬಂಧಿಸಿದವಲ್ಲ. ಒಂದಷ್ಟು ಕಾಲದ ಸರಾಸರಿಗೆ ಸಂಬಂಧಿಸಿದವು. ನಡುರಾತ್ರಿ ಒಬ್ಬನು ಹತ್ತು ಸೆಕೆಂಡು ಅಬ್ಬರಿಸಿ ಹೋದರೆ ಇಡೀ ರಾತ್ರಿಯ ಸರಾಸರಿಯಲ್ಲಿ ಅದು ಅಡಗಿಹೋದೀತು. ತೊಟ್ಟಿಲ ಕೂಸಾಗಲಿ ಎದೆನೋವಿನ ಮುದುಕರಾಗಲಿ ಸರಾಸರಿಗೆ ಎಚ್ಚರಗೊಳ್ಳುವುದಿಲ್ಲ. ಆ ಹತ್ತು ಸೆಕೆಂಡಿಗೆ ಎಚ್ಚರಗೊಳ್ಳುತ್ತಾರೆ. ಆದ್ದರಿಂದಲೇ ಸ್ಥಳದ ಮಿತಿಯೊಂದೇ ಸಾಲದು, ವಾಹನಕ್ಕೂ ಮಿತಿ ಬೇಕು.

ಮೀರಿದವರಿಗೆ ಶಿಕ್ಷೆಯೇನು? 1988ರ ಮೋಟಾರು ವಾಹನ ಕಾಯಿದೆಯ 190ನೆಯ ಪ್ರಕರಣವು ಸದ್ದಿನ ಮಾನದಂಡವನ್ನು ಮೀರಿದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದನ್ನು ಅಪರಾಧವೆನ್ನುತ್ತದೆ. 2019ರ ತಿದ್ದುಪಡಿಯು ಮೊದಲ ತಪ್ಪಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ, ಜೊತೆಗೆ ಮೂರು ತಿಂಗಳು ಲೈಸೆನ್ಸಿನ ಅನರ್ಹತೆಯನ್ನೂ ವಿಧಿಸಿತು. ಆದರೆ ಈ ದಾರಿಯಲ್ಲಿ ಅಳತೆಯ ತೊಡಕಿದೆ. ಅಳೆಯುವ ಉಪಕರಣ ಎಲ್ಲ ಚೌಕದಲ್ಲಿಯೂ ಇರುವುದಿಲ್ಲ. ಪೊಲೀಸಿನವರ ಕಿವಿಯೇ ಸಾಕ್ಷಿಯೆಂದರೆ ನ್ಯಾಯಾಲಯ ಒಪ್ಪುವುದು ಕಷ್ಟ.

ಅದಕ್ಕೆ ಕಾಯಿದೆಯಲ್ಲಿ ಇನ್ನೊಂದು ಬಾಗಿಲಿದೆ. 52ನೆಯ ಪ್ರಕರಣದ ಪ್ರಕಾರ ತಯಾರಕನು ಕೊಟ್ಟ ವಿವರಗಳಿಗೆ ಹೊರತಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಈ ಮಾತನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಹೀಗೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಎರಡನ್ನೂ ಗೊತ್ತುಮಾಡಿತು. ಇಲ್ಲಿ ಡೆಸಿಬೆಲ್ ಅಳೆಯಬೇಕಾಗಿಲ್ಲ. ಇದು ಕಾರ್ಖಾನೆಯ ಸೈಲೆನ್ಸರು ಹೌದೋ ಅಲ್ಲವೋ ಎಂದು ಕಣ್ಣಿನಿಂದ ನೋಡಿದರಾಯಿತು. ಸವಾರನು ಹದಿನೆಂಟು ತುಂಬದ ಹುಡುಗನಾಗಿದ್ದರೆ ಹೊಣೆಯು ತಂದೆತಾಯಿಗಳ ಅಥವಾ ವಾಹನದ ಮಾಲೀಕರ ತಲೆಯ ಮೇಲೂ ಬೀಳುತ್ತದೆಂಬುದನ್ನು ಪೋಷಕರು ಮರೆಯಬಾರದು.

ಅಬ್ಬರವನ್ನು ಸಮರ್ಥಿಸುವವರ ವಾದಗಳನ್ನೂ ಕೇಳುವುದು ನ್ಯಾಯ. ಸೈಲೆನ್ಸರು ತೆಗೆದರೆ ಗಾಡಿಗೆ ಶಕ್ತಿ ಹೆಚ್ಚುತ್ತದೆಂದು ಹುಡುಗರು ನಂಬುತ್ತಾರೆ. ಪಂದ್ಯದ ಗಾಡಿಗಳಲ್ಲಿ ಎಂಜಿನ್ನು, ಇಂಧನದ ಪೂರೈಕೆ, ಕೊಳವೆ ಇವೆಲ್ಲವನ್ನೂ ಒಂದಕ್ಕೊಂದು ಹೊಂದಿಸಿರುತ್ತಾರೆ. ಬೀದಿಯ ಗಾಡಿಯಲ್ಲಿ ಕೊಳವೆಯೊಂದನ್ನೇ ಕಿತ್ತರೆ ಆ ಹೊಂದಿಕೆ ಕೆಡುತ್ತದೆಯೇ ಹೊರತು ಕೂಡುವುದಿಲ್ಲ. ಮೇಲಾಗಿ 2020ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ಆರರ ಗಾಡಿಗಳಲ್ಲಿ ಹೊಗೆಯ ವಿಷವನ್ನು ತಗ್ಗಿಸುವ ಪರಿವರ್ತಕವೂ ಹೊಗೆಕೊಳವೆಯ ಸಾಲಿನಲ್ಲಿಯೇ ಇರುತ್ತದೆ. ಅದನ್ನೂ ಕಿತ್ತುಹಾಕಿದವನು ಸದ್ದಿನ ಜೊತೆಗೆ ವಿಷವನ್ನೂ ಹರಡಿದಂತಾಯಿತು.

ದೊಡ್ಡ ಸದ್ದು ಪ್ರಾಣ ಉಳಿಸುತ್ತದೆಂಬುದು ಎರಡನೆಯ ವಾದ. ಆದರೆ ಹೊಗೆಕೊಳವೆಯ ಬಾಯಿ ಹಿಂದಕ್ಕೆ ತಿರುಗಿರುತ್ತದೆ. ಅಪಾಯವು ಹೆಚ್ಚಾಗಿ ಮುಂದಿನಿಂದ ಬರುತ್ತದೆ. ಎಚ್ಚರಿಸಲು ಹಾರ್ನು ಇದ್ದೇ ಇದೆ.

ಮೂರನೆಯ ವಾದವು ಅಭಿಮಾನದ್ದು: ‘ಈ ಗಾಡಿಯ ಗತ್ತು ಅದರ ಸದ್ದಿನಲ್ಲಿದೆ’ ಎಂಬುದು. ಇದನ್ನು ನಾನು ಪೂರ್ತಿ ತಳ್ಳಿಹಾಕಲಾರೆ. 1960ರ ದಶಕದಿಂದ ಮೈಸೂರಿನಲ್ಲಿ ತಯಾರಾಗಿ, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೆ ನಾಡಿನ ಬೀದಿಗಳಲ್ಲಿ ಮೆರೆದ ಜಾವಾ, ಯೆಜ್ಡಿ ಗಾಡಿಗಳ ದನಿಯನ್ನು ಇಂದಿಗೂ ನೆನೆಯುವ ಹಿರಿಯರಿದ್ದಾರೆ. ಅಮೆರಿಕದ ಹಾರ್ಲೆ ಡೇವಿಡ್‌ಸನ್ ಸಂಸ್ಥೆಯು ತನ್ನ ಎಂಜಿನ್ನಿನ ಸದ್ದನ್ನೇ ವ್ಯಾಪಾರಮುದ್ರೆಯಾಗಿ ನೋಂದಾಯಿಸಲು 1994ರಲ್ಲಿ ಅರ್ಜಿ ಹಾಕಿ, ಪ್ರತಿಸ್ಪರ್ಧಿಗಳ ವಿರೋಧದಿಂದಾಗಿ 2000ದಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಸದ್ದಿಗೆ ಒಂದು ಸೊಗಸುಂಟು, ಒಪ್ಪೋಣ. ಆದರೆ ಸೊಗಸು ಅದನ್ನು ಬಯಸಿದವರಿಗೆ. ಸಂಗೀತ ಕಛೇರಿಗಾದರೂ ಹೋಗುವುದು ಬಿಡುವುದು ನಮ್ಮ ಇಚ್ಛೆ; ರೇಡಿಯೋದ ಸದ್ದು ಹೆಚ್ಚೆನಿಸಿದರೆ ತಿರುಪನ್ನು ಹಿಡಿದು ತಗ್ಗಿಸಬಹುದು. ಬೀದಿಯ ಸದ್ದಿನ ತಿರುಪು ಕೇಳುವವನ ಕೈಯಲ್ಲಿಲ್ಲ. ಕೇಳಲಾರೆನೆಂಬುವನಿಗೂ ಹಕ್ಕಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2005ರ ಜುಲೈ ತಿಂಗಳ ತೀರ್ಪಿನಲ್ಲಿ ಒತ್ತಿ ಹೇಳಿತು. ಸದ್ದಿನ ಪೀಡೆಯಿಂದ ದೂರವಿರುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆಯೆಂದು ಅದರ ಅಭಿಪ್ರಾಯ.

ಉಪಾಧ್ಯಾಯನಾದ ನನಗೆ ಈ ಪ್ರಶ್ನೆ ಬರಿಯ ಕಾಯಿದೆಯ ಪ್ರಶ್ನೆಯಲ್ಲ. ರಸ್ತೆಯ ಬದಿಯ ಶಾಲೆಯಲ್ಲಿ ಹಳಗನ್ನಡದ ಒಂದು ಪದ್ಯವನ್ನು ಬಿಡಿಸುತ್ತಿರುವಾಗ ಅಂಥ ಗಾಡಿಯೊಂದು ಹಾದುಹೋದರೆ ಪಾಠ ನಿಲ್ಲುವುದು ಅರ್ಧ ನಿಮಿಷ ಮಾತ್ರ. ಆದರೆ ಅನ್ವಯದ ಎಳೆ ಕಡಿದುಹೋದ ಹಿಂದಿನ ಬೆಂಚಿನ ಹುಡುಗನು ಅದನ್ನು ಮತ್ತೆ ಕಟ್ಟಿಕೊಳ್ಳುವುದಿಲ್ಲ. ಅರ್ಥವಾಗಲಿಲ್ಲವೆಂದು ಕೇಳುವುದೂ ಇಲ್ಲ. ಇದು ಬರಿಯ ಊಹೆಯಲ್ಲ. ನ್ಯೂಯಾರ್ಕ್ ನಗರದಲ್ಲಿ ಮೇಲುಸೇತುವೆಯ ರೈಲುಹಾದಿಯ ಪಕ್ಕದಲ್ಲಿದ್ದ ಶಾಲೆಯೊಂದನ್ನು ಕುರಿತು ಆರ್ಲೀನ್ ಬ್ರಾನ್ಜಾಫ್ಟ್ ಎಂಬ ಮನಶ್ಶಾಸ್ತ್ರಜ್ಞೆಯು ಸಹೋದ್ಯೋಗಿಯೊಡನೆ 1975ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ರೈಲಿನ ಕಡೆಯ ಕೊಠಡಿಗಳ ಮಕ್ಕಳು ಆರನೆಯ ತರಗತಿಯ ಹೊತ್ತಿಗೆ ಓದುವುದರಲ್ಲಿ ಆ ಕಡೆಯ ಶಾಂತವಾದ ಕೊಠಡಿಗಳ ಮಕ್ಕಳಿಗಿಂತ ಸುಮಾರು ಒಂದು ವರ್ಷ ಹಿಂದೆ ಬಿದ್ದಿದ್ದರು. ತರುವಾಯ ಹಳಿಗಳಡಿ ರಬ್ಬರನ್ನು ಹಾಸಿ, ಕೊಠಡಿಗಳಿಗೆ ಸದ್ದು ಹೀರುವ ಮಾಳಿಗೆಯನ್ನು ಕಟ್ಟಿದರು. 1981ರಲ್ಲಿ ಮತ್ತೆ ಪರೀಕ್ಷಿಸಿದಾಗ ಆ ಅಂತರವು ಮಾಯವಾಗಿತ್ತು. ಮಕ್ಕಳು ಅದೇ ಬಗೆಯವರು, ಶಾಲೆಯೂ ಅದೇ, ತಗ್ಗಿದ್ದು ಸದ್ದು. ರೈಲು ಬೇರೆ, ಬೈಕು ಬೇರೆ, ನಿಜ. ಆದರೆ ಕೇಳುವ ಮಗುವಿನ ಕಿವಿಗೆ ಆ ಭೇದವಿಲ್ಲ.

ಹಾಗೆಂದು ಕಾಯಿದೆಯನ್ನು ಕುರುಡಾಗಿ ಬೀಸಬಾರದು. ದಿನವಿಡೀ ಗಾಡಿಯ ಮೇಲೆ ಹಾಲು, ತರಕಾರಿ, ಪಾರ್ಸೆಲ್ಲುಗಳನ್ನು ಹೊತ್ತು ತಿರುಗುವವನ ಸೈಲೆನ್ಸರು ತುಕ್ಕಿನಿಂದ ತೂತಾಗಿದ್ದರೆ ಅದು ಬಡತನದ ಸದ್ದು. ಅವನಿಗೆ ಗಡುವು ಕೊಟ್ಟು ಸರಿಪಡಿಸಿಕೊಳ್ಳೆಂದು ಹೇಳುವುದು ವಿವೇಕ. ಹಣ ಕೊಟ್ಟು ಅಬ್ಬರವನ್ನು ಕೊಂಡವನದು ದರ್ಪದ ಸದ್ದು. ಎರಡಕ್ಕೂ ಒಂದೇ ಮದ್ದು ಸಲ್ಲದು. ಕರ್ನಾಟಕದ ಹಲವು ನಗರಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳನ್ನು ಸಾಲಾಗಿಟ್ಟು ರೋಡ್ ರೋಲರಿನಡಿ ಅರೆದದ್ದನ್ನು ಪತ್ರಿಕೆಗಳಲ್ಲಿ ಕಂಡಿದ್ದೇವೆ. ಅದರಿಂದ ಎಚ್ಚರವೇನೋ ಹುಟ್ಟುತ್ತದೆ. ಆದರೆ ಅಂಥವನ್ನು ಮಾರುವ ಅಂಗಡಿ, ಜೋಡಿಸುವ ಗ್ಯಾರೇಜು ಇವು ತೆರೆದೇ ಇದ್ದರೆ ಬೇರನ್ನು ಬಿಟ್ಟು ಎಲೆಯನ್ನು ಕಿತ್ತಂತಾಯಿತು.

ಹೊರದೇಶಗಳೂ ಈ ಪೀಡೆಯೊಡನೆ ಸೆಣಸುತ್ತಿವೆ. ಆಸ್ಟ್ರಿಯದ ಟಿರೋಲ್ ಪ್ರಾಂತದ ಕೆಲವು ಬೆಟ್ಟದ ರಸ್ತೆಗಳಲ್ಲಿ, ನಿಂತಲ್ಲಿ ಮಾಡುವ ಸದ್ದು 95 ಡೆಸಿಬೆಲ್ಲಿಗೆ ಮೀರಿದೆಯೆಂದು ದಾಖಲೆಯಲ್ಲಿರುವ ಮೋಟಾರು ಸೈಕಲ್ಲುಗಳನ್ನು 2020ರ ಬೇಸಿಗೆಯಲ್ಲಿ ನಿಷೇಧಿಸಿದರು. ಫ್ರಾನ್ಸಿನಲ್ಲಿ ಮೈಕ್ರೊಫೋನನ್ನೂ ಕ್ಯಾಮೆರಾವನ್ನೂ ಒಂದುಗೂಡಿಸಿ, ಸದ್ದು ಮಾಡಿದ ವಾಹನವನ್ನು ತಾನೇ ಗುರುತಿಸುವ ಯಂತ್ರಗಳನ್ನು 2022ರಿಂದ ಕೆಲವು ಊರುಗಳಲ್ಲಿ ಪ್ರಯೋಗಕ್ಕೆ ಇಟ್ಟರು.

ನಮ್ಮಲ್ಲಿ ಯಂತ್ರ ಬರುವವರೆಗೆ ಕಾಯಬೇಕಾಗಿಲ್ಲ. ರಾತ್ರಿಯ ನಿದ್ದೆಯನ್ನೋ ಆಸ್ಪತ್ರೆಯ ಶಾಂತಿಯನ್ನೋ ಪದೇ ಪದೇ ಕೆಡಿಸುವ ವಾಹನದ ಸಂಖ್ಯೆ, ಸ್ಥಳ, ವೇಳೆ ಇವನ್ನು ಬರೆದು ಸಂಚಾರಿ ಪೊಲೀಸ್ ಠಾಣೆಗೆ ಕೊಡುವುದು ಯಾರಿಗೂ ಅಸಾಧ್ಯವಲ್ಲ. ಗಾಡಿ ಕೊಡಿಸುವ ತಂದೆಯು ಮೊದಲ ದಿನವೇ ಮಗನಿಗೆ ಒಂದು ಮಾತು ಹೇಳಬಹುದು. ಗ್ಯಾರೇಜಿನವರು ಅಂಥ ಕೆಲಸವನ್ನು ಒಲ್ಲೆನೆನ್ನಬಹುದು. ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆಯನ್ನು ಮನುಷ್ಯರ ಗುಣಕ್ಕೆ ಹೇಳುತ್ತ ಬಂದಿದ್ದೇವೆ. ಚೆನ್ನಾಗಿ ಮಾಡಿದ ಎಂಜಿನ್ನಿಗೂ ಅದನ್ನು ಹೇಳಬಹುದು. ಶಕ್ತಿಯಿರುವ ಗಾಡಿಗೆ ತನ್ನ ಶಕ್ತಿಯನ್ನು ಕೂಗಿ ಹೇಳುವ ಅಗತ್ಯವಿಲ್ಲ.