ಸೆಳೆ ಕತ್ತಿಯಾಯಿತು, ಹುಲಿ ಸಿಂಹವಾಯಿತು

ಮೂಡಿಗೆರೆ ಕಡೆ ಮಳೆ ಬರುತ್ತದೆ ಎನ್ನುವವರಿಗಿಂತ ಮಳೆ ಹೊಯ್ಯುತ್ತದೆ ಎನ್ನುವವರು ಹೆಚ್ಚು. ಆರಿದ್ರೆ ಹಿಡಿದ ಮೇಲೆ ಯಾವ ಜಗುಲಿಗೆ ಹೋಗಿ ಕೂತರೂ 'ಏನ್ ಮಳೆ ಹೊಯ್ತಿದೆ ಮಾರಾಯ' ಎಂಬ ಮಾತಿನಿಂದಲೇ ಕಾಫಿ ಲೋಟ ಕೈಗೆ ಬರುವುದು. ಈ 'ಹೊಯ್' ಎಂಬ ಒಂದು ಮಾತಿನಿಂದ ರಾಜವಂಶವೇ ಹೆಸರು ಪಡೆಯಿತು ಎಂದು ನಂಬಿಕೊಂಡು ಬಂದ ಊರು ಇದೇ ತಾಲ್ಲೂಕಿನಲ್ಲಿದೆ. ಅದು ಅಂಗಡಿ. ಹಳೆಯ ಹೆಸರು ಸೊಸೆವೂರು. ಸಂಸ್ಕೃತದಲ್ಲಿ ಬರೆದವರು ಶಶಕಪುರ ಎಂದರು.

ಕಾಫಿ ತೋಟಗಳ ನಡುವೆ ಇರುವ ಈ ಊರಲ್ಲಿ ವಾಸಂತಿಕಾ ದೇವಿಯ ಗುಡಿಯಿದೆ, ಹಳೆಯ ಬಸದಿಗಳಿವೆ, ಬಿದ್ದುಹೋದ ಹೊಯ್ಸಳ ಗುಡಿಗಳ ಅವಶೇಷಗಳಿವೆ. ಕತೆ ಎಲ್ಲರಿಗೂ ಗೊತ್ತಿರುವುದೇ. ದೇವಿಯ ಸನ್ನಿಧಿಯಲ್ಲಿ ಜೈನಮುನಿ ಸುದತ್ತ, ಎದುರಿಗೆ ಶಿಷ್ಯ ಸಳ. ಹುಲಿ ಎರಗಿ ಬಂತು. ಮುನಿ ತನ್ನ ಕೈಯ ಸೆಳೆಯನ್ನು ಹುಡುಗನ ಕಡೆ ಚಾಚಿ 'ಹೊಯ್ ಸಳ' ಎಂದ, ಹೊಡಿ ಸಳ ಎಂದು. ಹಳಗನ್ನಡದಲ್ಲಿ ಅದು 'ಪೊಯ್'. ಹಾಗಾಗಿ ವಂಶ ಮೊದಲು ಪೊಯ್ಸಳ, ಆಮೇಲೆ ಹೊಯ್ಸಳ.

ಇತಿಹಾಸಕಾರರು ಇದನ್ನು ಐತಿಹ್ಯದ ಸಾಲಿಗೆ ಸೇರಿಸಿದ್ದಾರೆ. ಈ ಮನೆತನದ ಮಲೆನಾಡ ನಾಯಕರು ಹತ್ತನೇ ಶತಮಾನದಲ್ಲೇ ಕಾಣಿಸಿಕೊಳ್ಳುತ್ತಾರೆ. ಸಳನ ಕತೆ ಎದ್ದು ಕಾಣುವುದು ವಿಷ್ಣುವರ್ಧನನ ಕಾಲದಲ್ಲಿ, 1117ರ ಬೇಲೂರು ಶಾಸನದಲ್ಲಿ. ಅದಕ್ಕೆ ಸ್ವಲ್ಪ ಮೊದಲು ಅವನು ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ್ದ. ಚೋಳರ ಲಾಂಛನ ಹುಲಿ. ಹುಲಿಯನ್ನು ಹೊಯ್ದ ಪೂರ್ವಜ ಆಗ ಬೇಕಾಗಿದ್ದ ಎನ್ನುತ್ತಾರೆ. ಇರಬಹುದು. ಸಳ ನಿಜಕ್ಕೂ ಇದ್ದನೇ ಎಂಬ ಪ್ರಶ್ನೆ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಊರ ಬಾಯಲ್ಲಿದ್ದ ಕತೆಯನ್ನು ಉಳಿಯ ಮೊನೆಗೆ ತಂದುಕೊಂಡ ಶಿಲ್ಪಿ ಅದನ್ನು ಏನು ಮಾಡಿದ ಎಂಬುದು ಕಾಡುತ್ತದೆ.

ಬೇಲೂರಿನ ಗುಡಿಯ ಬಾಗಿಲ ಪಕ್ಕದಲ್ಲಿರುವ ಸಳನನ್ನು ಒಮ್ಮೆ ನಿಂತು ನೋಡಿ. ಕತೆಯಲ್ಲಿ ಅವನ ಕೈಲಿದ್ದದ್ದು ಸೆಳೆ, ಕಲ್ಲಿನಲ್ಲಿ ಕತ್ತಿ. ಕತೆಯಲ್ಲಿ ಹುಲಿ, ಕಲ್ಲಿನಲ್ಲಿ ಸುರುಳಿ ಕೇಸರವಿರುವ ಸಿಂಹ. ಮಲೆನಾಡಿನ ಯಾವ ಶಿಲ್ಪಿಯೂ ಕಾಡಲ್ಲಿ ಸಿಂಹ ಕಂಡಿರಲಾರ. ಅವನಿಗೆ ಸಿಂಹ ಬಂದದ್ದು ಗುರುಮನೆಯಿಂದ, ಅಪ್ಪ ಹಾಕಿಕೊಟ್ಟ ರೇಖೆಯಿಂದ. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಆ ಮೆದುತನ ಇರುವಾಗಲೇ ಕೇಸರದ ಒಂದೊಂದು ಸುರುಳಿಯನ್ನೂ ಕೊರೆದು ಮುಗಿಸಬೇಕು. ಹುಲಿಯ ಪಟ್ಟೆ ಬಣ್ಣದ ಮಾತು, ಕಲ್ಲಿನಲ್ಲಿ ಅದು ಮಾತಾಡುವುದಿಲ್ಲ. ಕೇಸರ ಮಾತಾಡುತ್ತದೆ. ಶಿಲ್ಪಿ ಹುಲಿಯನ್ನು ಬಿಟ್ಟುಕೊಟ್ಟದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಊಹೆ.

ಆದರೆ ಎದೆಗೆ ಎದೆ ಕೊಟ್ಟು ನಿಂತ ಆ ಭಂಗಿ ಇದೇ ಮಣ್ಣಿನದು. ಮಲೆನಾಡಿನಲ್ಲಿ ಹುಲಿಯೊಡನೆ ಹೋರಾಡಿ ಸತ್ತವರಿಗೆ ನಿಲ್ಲಿಸಿದ ವೀರಗಲ್ಲುಗಳಿವೆ. ಮೊಣಕಾಲುದ್ದದ ಒರಟು ಕಲ್ಲು, ಅದರ ಮೇಲೆ ಒಬ್ಬ ಮನುಷ್ಯ, ಮೇಲೆದ್ದ ಒಂದು ಮೃಗ, ನಡುವೆ ಒಂದು ಆಯುಧ. ಸಳನ ಶಿಲ್ಪದಲ್ಲೂ ಇರುವುದು ಇವು ಮೂರೇ. ದನ ಕಾಯಲು ಹೋಗಿ ತಿರುಗಿ ಬಾರದ ಮಗನಿಗೆ ಹಳ್ಳಿಯವರು ಕೆತ್ತಿಸಿದ್ದನ್ನೇ ಅರಮನೆಯ ಶಿಲ್ಪಿ ದೊಡ್ಡದು ಮಾಡಿ ಶಿಖರದ ಮುಂದೆ ಕೂರಿಸಿದ ಎಂದು ನನಗೆ ಅನ್ನಿಸುತ್ತದೆ. ಹುಲಿಯೇನೂ ಈ ಜನಕ್ಕೆ ಪುರಾಣವಲ್ಲ. ಮುತ್ತೋಡಿಯ ಕಾಡು ಸೇರಿದ ಭದ್ರಾ ಅಭಯಾರಣ್ಯದಲ್ಲಿ ಇಂದಿಗೂ ಹುಲಿಯಿದೆ.

ಸ್ಕಾಟ್ಲೆಂಡಿನಿಂದ ಬಂದು ಮಂಜರಾಬಾದಿನಲ್ಲಿ ಕಾಫಿ ಬೆಳೆದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತೋಟದ ಜೊತೆಗೆ ಹುಲಿಯ ಬೇಟೆಯೂ ಪುಟ ತುಂಬಿದೆ. ಅವನ ನಾಡಿನಲ್ಲೂ ಕಲ್ಲಿಗೆ ಕತೆ ಅಂಟಿಕೊಂಡಿದೆ. ಲೂಯಿಸ್ ದ್ವೀಪದ ಕ್ಯಾಲನಿಶ್‌ನಲ್ಲಿ ಸುಮಾರು 5000 ವರ್ಷದ ಹಿಂದೆ ನಿಲ್ಲಿಸಿದ ಕಲ್ಲುಗಳನ್ನು, ಹೊಸ ಧರ್ಮಕ್ಕೆ ತಲೆಬಾಗದೆ ಕಲ್ಲಾದ ದೈತ್ಯರು ಎನ್ನುತ್ತಾರೆ. 1890ರಲ್ಲಿ ಗ್ಲಾಸ್ಗೋದ ಜಾರ್ಜ್ ಹೆನ್ರಿ ಮತ್ತು ಹಾರ್ನೆಲ್ ಎಂಬ ಇಬ್ಬರು ಚಿತ್ರಕಾರರು ಕೂಡಿ ಹಳೆಯ ಡ್ರುಯಿಡ್ ಪುರೋಹಿತರ ಮೆರವಣಿಗೆಯನ್ನು ಚಿನ್ನದ ಬಣ್ಣ ಬಳಸಿ ಬರೆದರು. ಅವರಿಗೆ ಆ ಲೋಕ ಎಂದೋ ಮುಗಿದಿತ್ತು, ಕಲ್ಪಿಸಿಕೊಂಡೇ ಬರೆಯಬೇಕಿತ್ತು. ನಮ್ಮ ಶಿಲ್ಪಿ ಕೆತ್ತುತ್ತಿದ್ದಾಗ ಗರ್ಭಗುಡಿಯಲ್ಲಿ ದೀಪ ಉರಿಯುತ್ತಿತ್ತು, ಈಗಲೂ ಉರಿಯುತ್ತಿದೆ.

ಬಾಬಾಬುಡನ್‌ಗಿರಿಯ ಸಾಲು ಅಂಗಡಿಗೂ ತರೀಕೆರೆ ಸೀಮೆಗೂ ನಡುವೆ ಅಡ್ಡ ಮಲಗಿದೆ. ದತ್ತಾತ್ರೇಯನೂ ಬಾಬಾಬುಡನ್ನರೂ ಒಂದೇ ಗುಹೆಯಲ್ಲಿ ಪೂಜೆಗೊಳ್ಳುವ ಗಿರಿ, ಯೆಮನ್‌ನಿಂದ ಏಳು ಕಾಫಿ ಬೀಜ ಬಂದ ಕತೆಯ ಗಿರಿ. ಅದರ ಉತ್ತರಕ್ಕೆ ಇಳಿದರೆ ಅಮೃತಪುರ. ಹೊಯ್ಸಳ ದೊರೆ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ ಅಲ್ಲಿದೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರ. ಅಮೃತಪುರ ಅದರಲ್ಲಿಲ್ಲ. ಹೋದವರಿಗೆ ಆ ಕೊರತೆ ಕಾಣುವುದಿಲ್ಲ. ಶಿಖರದ ಮುಂದೆ ಚಾಚಿದ ಶುಕನಾಸಿಯ ಮೇಲೆ ಸಳ ಮೂಲ ಜಾಗದಲ್ಲೇ ಇದ್ದಾನೆ. ಮಂಟಪದ ಸುತ್ತಿನ ಕೈಪಿಡಿ ಗೋಡೆಯಲ್ಲಿ 140 ಫಲಕಗಳು. ತೆಂಕಣ ಗೋಡೆಯ 70ರಲ್ಲಿ ರಾಮಾಯಣ, ಬಡಗಣದಲ್ಲಿ ಕೃಷ್ಣನ ಕತೆಗೆ 25, ಭಾರತಕ್ಕೆ 45. ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ. ವಾಡಿಕೆಯಂತೆ ಪ್ರದಕ್ಷಿಣೆ ಹೊರಟವರು ಕತೆಯನ್ನು ಕೊನೆಯಿಂದ ಮೊದಲಿಗೆ ಓದಬೇಕಾಗುತ್ತದೆ. ನಾನು ಎರಡು ಸುತ್ತು ಬಂದೆ, ಎರಡನೆಯದು ಹಿಂದುಮುಂದಾಗಿ. ಬಾಗಿಲ ಬಳಿಯ ದೊಡ್ಡ ಶಾಸನದಲ್ಲಿ ಕವಿಚಕ್ರವರ್ತಿ ಜನ್ನನ ಪದ್ಯಗಳಿವೆ.

ಇಲ್ಲಿನ ಭುವನೇಶ್ವರಿಗಳಲ್ಲಿ, ಎಂದರೆ ಕಮಲದಂತೆ ಒಳಕ್ಕೆ ಇಳಿಬಿದ್ದ ಆ ಚಾವಣಿಗಳಲ್ಲಿ, ಕೆಲಸ ಶುರುಮಾಡಿದವನು ರೂವಾರಿ ಮಲ್ಲಿತಮ್ಮ. ರೂವಾರಿ ಎಂದರೆ ರೂಪ ಕೊಡುವವನು. ಆಮೇಲೆ ನುಗ್ಗೇಹಳ್ಳಿಯಲ್ಲಿ ಅವನ ಹೆಸರು ಸಿಗುತ್ತದೆ. ಅಲ್ಲಿನ ಗುಡಿಯ ಒಂದು ಮಗ್ಗುಲು ಅವನದಾದರೆ ಇನ್ನೊಂದು ಬೈಚೋಜನೆಂಬ ಶಿಲ್ಪಿಯದು. ಕೊನೆಗೆ ಸೋಮನಾಥಪುರ. ಅಮೃತಪುರದಿಂದ ಅಲ್ಲಿಗೆ ಅರವತ್ತು ವರ್ಷಕ್ಕೂ ಹೆಚ್ಚು. ಹದಿನೈದರ ಹುಡುಗನಾಗಿ ಉಳಿ ಹಿಡಿದಿದ್ದರೂ ಅಲ್ಲಿ ಅವನಿಗೆ ಎಪ್ಪತ್ತೈದು ದಾಟಿರಬೇಕು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ರೂಢಿ ನೆನಪಾಗಿ, ಇಬ್ಬರಿರಬಹುದೇ ಎಂದೂ ಯೋಚಿಸಿದ್ದೇನೆ. ಆದರೆ ಚಾವಣಿಯ ಕೆಳಗೆ ಕತ್ತೆತ್ತಿ ನಿಂತಾಗ ಒಬ್ಬನೇ ಇದ್ದಿರಲಿ ಎಂದು ಮನಸ್ಸು ಬಯಸುತ್ತದೆ.

ಅವನು ತನ್ನ ವಿಗ್ರಹಗಳ ಪೀಠದಲ್ಲಿ ಕೆಲವು ಕಡೆ ಪೂರ್ತಿ ಹೆಸರು ಬರೆದಿದ್ದಾನೆ, ಕೆಲವು ಕಡೆ 'ಮಲ್ಲಿ' ಎಂದಷ್ಟೇ. ಇನ್ನು ಕೆಲವು ಕಡೆ, ಪಕ್ಕದ ಕಲ್ಲು ಕಾಯುತ್ತಿದೆಯೇನೋ ಎಂಬಂತೆ, ಒಂದೇ ಅಕ್ಷರ: ಮ.