ಕರ್ನಾಟಕಕ್ಕಿಂತ ದೊಡ್ಡ ಕಡಲ ಉದ್ಯಾನ

ಶಾಂತಸಾಗರದಲ್ಲಿ, ಈಕ್ವೆಡಾರ್ ತೀರದಿಂದ ಸುಮಾರು 1,000 ಕಿಲೋಮೀಟರ್ ಆಚೆ ಗ್ಯಾಲಪಗೋಸ್ ದ್ವೀಪಗಳಿವೆ. ಅಲ್ಲಿ ಸ್ನಾರ್ಕೆಲ್ ಕಚ್ಚಿಕೊಂಡು ನೀರಿಗೆ ಮುಖವಿಟ್ಟರೆ ಪಕ್ಕದಲ್ಲೇ ಪೆಂಗ್ವಿನ್ ಒಂದು ಸುಯ್ಯನೆ ಹಾದುಹೋಗಬಹುದು. ಎತ್ತರ ಅರ್ಧ ಮೀಟರ್, ತೂಕ ಎರಡೂವರೆ ಕಿಲೋ, ವಾಸ ಭೂಮಧ್ಯರೇಖೆಯ ಮೇಲೆ! ಅಂಟಾರ್ಕ್ಟಿಕಾದ ಹತ್ತಿರದ ತುದಿಯೇ ಇಲ್ಲಿಂದ ಸುಮಾರು 7,500 ಕಿಲೋಮೀಟರ್. ಭಾರತದ ಉತ್ತರ–ದಕ್ಷಿಣದ ಉದ್ದವನ್ನು ಎರಡು ಸಲ ಜೋಡಿಸಿಟ್ಟರೂ ಅಷ್ಟಾಗದು.

ಮುಂದೆ ಕಾಣುವುದು ಕಡಲ ಇಗುವಾನಾ, ಕಡಲಲ್ಲಿ ಮೇಯುವ ಜಗತ್ತಿನ ಏಕೈಕ ಓತಿ. ಪಾಚಿಗಾಗಿ 30 ಮೀಟರ್‌ವರೆಗೂ ಮುಳುಗಬಲ್ಲದು. ಶ್ರವಣಬೆಳಗೊಳದ ಗೊಮ್ಮಟನ ಎತ್ತರಕ್ಕೆ ಇನ್ನೂ 40 ಅಡಿ ಸೇರಿಸಿದರೆ ಆ ಆಳ ಸಿಕ್ಕೀತು. ಕಡಲು ಬಿಸಿಯೇರುವ ಎಲ್ ನಿನೊ ವರ್ಷಗಳಲ್ಲಿ ಪಾಚಿ ಸಿಗದೆ ಹೋದರೆ ಈ ಪ್ರಾಣಿ ತೆಳ್ಳಗಾಗುವುದಷ್ಟೇ ಅಲ್ಲ, ಗಿಡ್ಡವಾಗುತ್ತದೆ! ಉದ್ದದಲ್ಲಿ ಶೇಕಡಾ 20ರವರೆಗೆ ಕುಗ್ಗಿ, ಮೇವು ಮರಳಿದಾಗ ಮತ್ತೆ ಬೆಳೆಯುತ್ತದೆ. ಆರಡಿಯ ಮನುಷ್ಯ ಬರಗಾಲದಲ್ಲಿ ಐದಡಿಗೂ ಕೆಳಗಿಳಿದು, ಮಳೆ ಬಂದಮೇಲೆ ಪುನಃ ಆರಡಿಯಾಗುವುದನ್ನು ಊಹಿಸಿಕೊಳ್ಳಿ.

ದಡಕ್ಕೆ ಬಂದರೆ ದೈತ್ಯ ಆಮೆ. ದೊಡ್ಡ ಗಂಡು 250 ಕಿಲೋ ತೂಗುತ್ತದೆ. ಐದು ಮೂಟೆ ಅಕ್ಕಿ ತಾನೇ ಎದ್ದು ನಡೆದಂತೆ. ಅನ್ನ–ನೀರಿಲ್ಲದೆ ಒಂದು ವರ್ಷ ಇರಬಲ್ಲದು. ಇನ್ನು ಆಯಸ್ಸು? 2006ರಲ್ಲಿ ಆಸ್ಟ್ರೇಲಿಯಾದ ಮೃಗಾಲಯದಲ್ಲಿ ತೀರಿಕೊಂಡ ಹ್ಯಾರಿಯೆಟ್ ಎಂಬ ಹೆಣ್ಣಾಮೆಯ ವಯಸ್ಸು ಅಂದಾಜು 175. ಮೈಸೂರು ಸೀಮೆಯ ನಗರ ಪ್ರಾಂತ್ಯದ ರೈತರು 1830ರಲ್ಲಿ ದಂಗೆಯೆದ್ದ ಹೊತ್ತಿಗೆ ಅದು ಮೊಟ್ಟೆಯೊಡೆದು ಬಂದಿರಬೇಕು. ಮೊಬೈಲ್ ಫೋನುಗಳ ಕಾಲದವರೆಗೂ ಎಲೆ ಮೆಲ್ಲುತ್ತಲೇ ಇತ್ತು! ಎಸ್ಪನೋಲಾ ದ್ವೀಪದ ಕಥೆಯಂತೂ ನನಗೆ ಎಲ್ಲಕ್ಕಿಂತ ಪ್ರಿಯ. 1960–70ರ ದಶಕಗಳಲ್ಲಿ ಅಲ್ಲಿ ಸಿಕ್ಕಿದ್ದು 14 ಆಮೆಗಳು, ಅದರಲ್ಲಿ ಗಂಡು ಎರಡೇ. ಸಂತಾನ ಬೆಳೆಸಲು ಅವನ್ನು ದ್ವೀಪದಿಂದ ಹೊರಗೊಯ್ದರು. ಆಮೇಲೆ ಅಮೆರಿಕದ ಮೃಗಾಲಯದಿಂದ ಬಂದ ಡಿಯಾಗೋ ಹದಿನೈದನೆಯವನು. ಈ ಹದಿನೈದರ ಸಂತಾನ ಸಾವಿರದ ಗಡಿಯನ್ನು ಎಂದೋ ದಾಟಿತು. ಅದರಲ್ಲಿ ಸುಮಾರು 800 ಮಕ್ಕಳು ಡಿಯಾಗೋ ಒಬ್ಬನವೇ! 2020ರಲ್ಲಿ ಅವನನ್ನು ಗೌರವದಿಂದ ದ್ವೀಪಕ್ಕೆ ಮರಳಿ ಬಿಟ್ಟರು.

ಇಷ್ಟೂ ಸಣ್ಣ ಲೆಕ್ಕ. ಉತ್ತರ ತುದಿಯ ಡಾರ್ವಿನ್ ದ್ವೀಪದ ಬಳಿ ಸಿಲಿಂಡರ್ ಹೊತ್ತು ಇಳಿಯುವವರ ಪಕ್ಕದಲ್ಲಿ ತಿಮಿಂಗಿಲ ಶಾರ್ಕ್ ತೇಲುತ್ತದೆ. 12 ಮೀಟರ್, ಅಂದರೆ ಒಂದು ಕೆಎಸ್‌ಆರ್‌ಟಿಸಿ ಬಸ್ಸಿನುದ್ದ. ಭೂಮಿಯ ಮೇಲಿನ ಅತಿದೊಡ್ಡ ಮೀನು ಇದು, ತಿನ್ನುವುದು ಮಾತ್ರ ಹೆಚ್ಚಾಗಿ ತೀರಾ ಸಣ್ಣ ಜೀವಿಗಳನ್ನು. ಈ ಜಾತಿಯ ಮೀನು 1,900 ಮೀಟರ್‌ಗೂ ಆಳಕ್ಕೆ ಇಳಿದ ದಾಖಲೆಯಿದೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಕರ್ನಾಟಕದ ಅತಿ ಎತ್ತರದ ಶಿಖರವನ್ನು ತಲೆಕೆಳಗಾಗಿ ಕಡಲಿಗಿಳಿಸಿ, ಅದರ ತುದಿಯವರೆಗೆ ಒಂದು ಬಸ್ಸು ಹೋಗಿಬಂದ ಹಾಗೆ!

ಈಗ ಕಡಲನ್ನೇ ಅಳೆಯೋಣ. ದ್ವೀಪಗಳ ನೆಲವೆಲ್ಲ ಸೇರಿ ಸುಮಾರು 8,000 ಚದರ ಕಿಲೋಮೀಟರ್, ಶಿವಮೊಗ್ಗ ಜಿಲ್ಲೆಗಿಂತ ತುಸು ಕಡಿಮೆ. ಆದರೆ 1998ರಲ್ಲಿ ಘೋಷಿಸಿದ ಸಂರಕ್ಷಿತ ಕಡಲು ಸುಮಾರು 1,33,000 ಚದರ ಕಿಲೋಮೀಟರ್. 2022ರಲ್ಲಿ ಅದಕ್ಕೆ ಹೊಂದಿಕೊಂಡಂತೆ ಎರ್ಮಾಂಡಾಡ್ ಎಂಬ ಇನ್ನೂ 60,000 ಸೇರಿತು. ಒಟ್ಟು 1,93,000. ಇಡೀ ಕರ್ನಾಟಕ 1,91,791! ಬೀದರ್‌ನಿಂದ ಚಾಮರಾಜನಗರ, ಕಾರವಾರದಿಂದ ಕೋಲಾರ, ಪ್ರತಿ ತಾಲ್ಲೂಕಿಗೂ ಕಡಲು ತುಂಬಿಸಿ ಕಾವಲಿಟ್ಟಷ್ಟು. ಒಂದು ಪುಟ್ಟ ದೇಶ ಇಂಥ ಕೆಲಸ ಮಾಡಿದೆಯೆಂಬುದು ಆ ಅಂಕಿಗಳಷ್ಟೇ ದೊಡ್ಡ ಸೋಜಿಗ.

ಈ ಕಡಲಲ್ಲಿ ತೇಲುವವರಿಗೆ ಕಾಣುವುದೆಷ್ಟು? ತಿಳಿನೀರಲ್ಲಿ ಸುತ್ತಲೂ 15 ಮೀಟರ್ ಎಂದಿಟ್ಟುಕೊಳ್ಳಿ. ಸುಮಾರು 700 ಚದರ ಮೀಟರಿನ ಒಂದು ವೃತ್ತ. ಸಂರಕ್ಷಿತ ಕಡಲಿನಲ್ಲಿ ಇಂಥವು 27 ಕೋಟಿ. ಒಂದೊಂದಕ್ಕೆ ಒಂದೇ ಸೆಕೆಂಡು ಕೊಟ್ಟರೂ ನಿದ್ದೆಯಿಲ್ಲದೆ ಎಂಟೂವರೆ ವರ್ಷ ಬೇಕು. ಒಂದೊಂದು ನಿಮಿಷ ಕೊಟ್ಟರೆ 500 ವರ್ಷ ಮೀರುತ್ತದೆ. 1509ರಲ್ಲಿ, ಕೃಷ್ಣದೇವರಾಯನ ಆಳ್ವಿಕೆಯ ಆರಂಭದಲ್ಲಿ ನೀರಿಗಿಳಿದವರು ಇದೀಗ ಕೊನೆಯ ವೃತ್ತಗಳ ಹತ್ತಿರ ಬಂದಿರಬೇಕು. ಅದೂ ನೀರಿನ ಮೇಲ್ಪದರ ಮಾತ್ರ. ಆಳದ ಎಣಿಕೆ ಇನ್ನೂ ಶುರುವೇ ಆಗಿಲ್ಲ.